ಹಳೆಯ ಕಾರಿಗೂ ಹಲ್ಲು ನೋಡಬೇಕು

ಶಿವರಾತ್ರಿಯ ಹೊತ್ತಿಗೆ ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಎತ್ತು ಕೊಳ್ಳಲು ಬಂದ ರೈತ ಕೊಂಬಿಗೆ ಬಳಿದ ಬಣ್ಣಕ್ಕಾಗಲಿ, ಕೊರಳಿಗೆ ಕಟ್ಟಿದ ಗಂಟೆಗಾಗಲಿ ಮರುಳಾಗುವುದಿಲ್ಲ. ತುಟಿ ಎತ್ತಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ಎಣಿಸಿ ವಯಸ್ಸು ತಿಳಿಯುತ್ತಾನೆ. ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ಎಳೆಯುತ್ತದೆಯೇ ಎಂದು ಪರೀಕ್ಷಿಸುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆಯ ಮಾತು.

ಅಂಥ ರೈತನ ಮಗನೋ ಮೊಮ್ಮಗಳೋ ಹಳೆಯ ಕಾರು ಕೊಳ್ಳಲು ಹೊರಟಾಗ ಮಾತ್ರ ಈ ಕ್ರಮವೆಲ್ಲ ತಲೆಕೆಳಗಾಗುತ್ತದೆ. ಮೊದಲು ಬಣ್ಣ, ಆಮೇಲೆ ಹಾಡಿನ ಪೆಟ್ಟಿಗೆ, ಆಮೇಲೆ ಬೆಲೆ. ಹಲ್ಲು ನೋಡುವ ಕೆಲಸ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಅಡ್ವಾನ್ಸು ಕೊಟ್ಟಾಗಿರುತ್ತದೆ.

ತುಮಕೂರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತರು. ತಾತ ಬೇಸಾಯ ಬಿಟ್ಟು ಮಗನ ಮನೆ ಸೇರಿದವರು. ಎಂ.ಕಾಂ. ಮುಗಿಸಿದ ಮಗಳಿಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿದೆ. ತಿಂಗಳ ಕೊನೆಯಲ್ಲಿ ಕೆಲಸ ಮುಗಿಯುವಾಗ ರಾತ್ರಿ ಎಂಟಾಗುತ್ತದೆ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಕತ್ತಲಲ್ಲಿ ಸ್ಕೂಟರಿನಲ್ಲಿ ಬರುವ ಮಗಳಿಗಾಗಿ ಅಮ್ಮ ಗೇಟಿನ ಬಳಿ ಕಾಯುತ್ತ ನಿಲ್ಲುವುದು ಮೂರು ತಿಂಗಳಿನಿಂದ ನಡೆದಿದೆ. ಕೊನೆಗೆ ಅಪ್ಪ ಚೀಟಿ ಎತ್ತಿದರು. ಕೈಗೆ ಬಂದದ್ದು ಒಂದೂವರೆ ಲಕ್ಷ ರೂಪಾಯಿ. ಅಷ್ಟರಲ್ಲಿ ಒಂದು ಕಾರು ಬರಬೇಕು. ಮಗಳ ಡ್ರೈವಿಂಗ್ ಲೈಸೆನ್ಸಿಗೆ ಇನ್ನೂ ಎರಡು ತಿಂಗಳು ತುಂಬಿಲ್ಲ. ಮನೆಯಲ್ಲಿ ಕಾರು ಓಡಿಸಿ ಗೊತ್ತಿರುವವರು ಮತ್ತೆ ಯಾರೂ ಇಲ್ಲ.

ಇಂಥ ಮನೆಗಳು ರಾಜ್ಯದ ಪ್ರತಿ ಊರಿನಲ್ಲೂ ಇವೆ. ಈ ಒಂದೂವರೆ ಲಕ್ಷ ಮತ್ತೆ ಹುಟ್ಟುವ ಹಣವಲ್ಲ. ತಪ್ಪಿದರೆ ಇನ್ನೊಂದು ಚೀಟಿ ಮುಗಿಯುವವರೆಗೆ ಕಾಯಬೇಕು. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಕಾರಿನೊಳಗೆ ಕುಳಿತು ದಿನವೂ ಹೆದ್ದಾರಿಗೆ ಇಳಿಯುವವಳು ಮನೆಯ ಮಗಳು.

ಬಿಳಿ ಕಾರು

ಮೊದಲು ನೋಡಿದ ಕಾರು ಬೆಳ್ಳಗೆ ಮಿರಮಿರ ಮಿಂಚುತ್ತಿತ್ತು. ಬೆಂಗಳೂರಿನ ನೋಂದಣಿ, 2014ರ ಮಾದರಿ. ಮೀಟರಿನಲ್ಲಿ 48 ಸಾವಿರ ಕಿ.ಮೀ. ಹೊಸ ಸೀಟು ಕವರು, ಒಳಗೆ ಮಲ್ಲಿಗೆಯ ಸೆಂಟು. ದಲ್ಲಾಳಿ ಹೇಳಿದ್ದು ಒಂದು ಲಕ್ಷದ ನಲವತ್ತೆಂಟು ಸಾವಿರ.

‘ಡಾಕ್ಟರ್ ಇಟ್ಟುಕೊಂಡಿದ್ದ ಗಾಡಿ ಸಾರ್. ಆಸ್ಪತ್ರೆಗೆ ಹೋಗೋದು, ಮನೆಗೆ ಬರೋದು, ಅಷ್ಟೇ. ಸಾಯಂಕಾಲ ಇನ್ನೊಂದು ಪಾರ್ಟಿ ಬರ್ತಾ ಇದೆ. ಐದು ಸಾವಿರ ಅಡ್ವಾನ್ಸ್ ಕೊಟ್ಟುಬಿಡಿ, ನಿಮಗೇ ಇಟ್ಟಿರ್ತೀನಿ.’

ಹಳೆಯ ಕಾರಿನ ಪೇಟೆಯಲ್ಲಿ ಈ ಡಾಕ್ಟರು ಮತ್ತು ಆ ಸಾಯಂಕಾಲದ ಪಾರ್ಟಿ ಎಲ್ಲ ಊರಿನಲ್ಲೂ ಸಿಗುತ್ತಾರೆ. ಅಪ್ಪನ ಕೈ ಜೇಬಿಗೆ ಹೋಗಿತ್ತು. ತಾತ ತಡೆದರು. ‘ನಾಲ್ಕು ಹೆಜ್ಜೆ ನಡೆಸಿ ನೋಡ್ದೆ ಎತ್ತು ಹಿಡ್ಕಂಡು ಬಂದೋರು ಯಾರಿದಾರಪ್ಪಾ ನಮ್ಮನೇಲಿ? ನಾಳೆ ಬರಾನ. ಗಾಡಿ ಗೊತ್ತಿರೋ ಒಬ್ಬರನ್ನ ಕರ್ಕಂಡು ಬರಾನ.’

ಆ ಒಂದು ಮಾತು ಮನೆಯ ಒಂದೂವರೆ ಲಕ್ಷವನ್ನು ಉಳಿಸಿತು. ಮರುದಿನ ಅವರೊಂದಿಗೆ ಬಂದವರು ಬಡಾವಣೆಯ ಗ್ಯಾರೇಜಿನ ಮೆಕ್ಯಾನಿಕ್. ಅರ್ಧ ದಿನದ ಕೂಲಿ ಎಂದು ಅವರಿಗೆ ಐನೂರು ರೂಪಾಯಿ ಕೊಟ್ಟಿದ್ದರು. ಹಳೆಯ ಕಾರು ಕೊಳ್ಳುವವರು ಮಾಡುವ ಖರ್ಚಿನಲ್ಲಿ ಇಷ್ಟು ಸಾರ್ಥಕವಾದುದು ಬೇರೊಂದಿಲ್ಲ. ಒಂದೇ ಷರತ್ತು: ಮೆಕ್ಯಾನಿಕ್ ಕೊಳ್ಳುವವರ ಕಡೆಯವರಾಗಿರಬೇಕು, ಮಾರುವವರು ತೋರಿಸಿದವರಾಗಿರಬಾರದು.

ಮೆಕ್ಯಾನಿಕ್ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟರು. ಬಿಸಿಯಾಗಿತ್ತು. ‘ನಾವು ಬರೋಕ್ಕೆ ಮುಂಚೇನೇ ಸ್ಟಾರ್ಟ್ ಮಾಡಿ ಇಟ್ಟಿದಾರೆ’ ಎಂದರು. ತಣ್ಣಗಿರುವ ಎಂಜಿನ್ನು ಬೆಳಗಿನ ಮೊದಲ ಕೀಲಿಗೆ ಹೇಗೆ ಎದ್ದುಕೊಳ್ಳುತ್ತದೆ ಎಂಬುದರಲ್ಲೇ ಅದರ ಅರ್ಧ ಜಾತಕ ಇರುತ್ತದೆ. ಮೊದಲೇ ಬಿಸಿ ಮಾಡಿಟ್ಟರೆ ಆ ಜಾತಕ ಮುಚ್ಚಿಹೋಗುತ್ತದೆ. ನೋಡಲು ಹೋಗುವವರು ‘ನಾವು ಬರುವವರೆಗೆ ಗಾಡಿ ಚಾಲೂ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿಡಬೇಕು. ಚಾಲೂ ಮಾಡಿದಾಗ ಹಿಂಬದಿಯ ಕೊಳವೆಯಿಂದ ನೀಲಿ ಹೊಗೆ ಬಂದರೆ ಎಂಜಿನ್ನು ಆಯಿಲ್ ಸುಡುತ್ತಿದೆ ಎಂದು ಅರ್ಥ. ಎಂಜಿನ್ನು ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ತಂಪು ಮಾಡುವ ನೀರು ಒಳಗೆ ಸೋರುತ್ತಿರಬಹುದು. ಕಪ್ಪು ಹೊಗೆಯಾದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ಜಿಡ್ಡು ಕಂಡರೆ ನೀರು ಆಯಿಲಿನಲ್ಲಿ ಬೆರೆತಿರುವ ಅನುಮಾನ ಪಡಬೇಕು. (ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ಯಾರೂ ತೆಗೆಯಬಾರದು; ಕುದಿನೀರು ಮುಖಕ್ಕೆ ಚಿಮ್ಮುತ್ತದೆ.)

ಆಮೇಲೆ ಮೆಕ್ಯಾನಿಕ್ ಕೀಲಿಯನ್ನು ಅರ್ಧಕ್ಕೆ ತಿರುಗಿಸಿ ಮಗಳನ್ನು ಕರೆದರು. ‘ನೋಡಮ್ಮಾ, ಈ ಎಚ್ಚರಿಕೆ ದೀಪಗಳೆಲ್ಲ ಒಂದ್ಸಲ ಹತ್ತಿ, ಗಾಡಿ ಸ್ಟಾರ್ಟ್ ಆದ್ಮೇಲೆ ಆರಬೇಕು. ಎಂಜಿನ್ ದೀಪ ಹತ್ತಲೇ ಇಲ್ಲ.’ ದೀಪ ಆರದಿದ್ದರೆ ದೋಷವಿದೆ ಎಂದು ಎಲ್ಲರಿಗೂ ಗೊತ್ತು. ದೀಪ ಹತ್ತದೇ ಇದ್ದರೆ ಆ ದೋಷವನ್ನು ಯಾರೋ ಮುಚ್ಚಿಟ್ಟಿರಬಹುದು ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ಮೀಟರಿನಲ್ಲಿ 48 ಸಾವಿರ ಇದ್ದರೂ ಕ್ಲಚ್ ಮತ್ತು ಬ್ರೇಕ್ ಪೆಡಲುಗಳ ರಬ್ಬರು ಸವೆದು ನುಣುಪಾಗಿತ್ತು. ಸ್ಟಿಯರಿಂಗಿನ ಮೇಲ್ಭಾಗ ಹೊಳಪೇರಿತ್ತು. ಡ್ರೈವರ್ ಬಾಗಿಲಿನ ಅಂಚಿನಲ್ಲಿ ಯಾವುದೋ ಗ್ಯಾರೇಜಿನವರು ಅಂಟಿಸಿದ ಹಳೆಯ ಚೀಟಿಯೊಂದು ಅರ್ಧ ಹರಿದು ಉಳಿದಿತ್ತು. ‘ಮುಂದಿನ ಆಯಿಲ್ ಬದಲಾವಣೆ: 91,000 ಕಿ.ಮೀ.’ ಮೀಟರನ್ನು ಹಿಂದಕ್ಕೆ ತಿರುಗಿಸಿದವರು ಆ ಚೀಟಿಯನ್ನು ಕಿತ್ತುಹಾಕಲು ಮರೆತಿದ್ದರು.

ಇನ್ನೂ ಒಂದು ಉಳಿದಿತ್ತು. ಮೆಕ್ಯಾನಿಕ್ ಸೀಟು ಬೆಲ್ಟನ್ನು ಕೊನೆಯವರೆಗೆ ಎಳೆದರು. ಸಾಮಾನ್ಯವಾಗಿ ಹೊರಗೆ ಬಾರದ ಆ ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಕಟ್ಟಿತ್ತು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಕೆಳಗಿನ ಗುಳಿಯಲ್ಲಿ ಒಣಗಿದ ಮೆಕ್ಕಲು. ಸೀಟಿನ ಅಡಿಯ ಬೋಲ್ಟುಗಳಿಗೆಲ್ಲ ತುಕ್ಕು. ಕಾರು ನೀರಿನಲ್ಲಿ ನಿಂತಿತ್ತು! ಮಲ್ಲಿಗೆಯ ಸೆಂಟು ಏಕೆಂದು ಅಪ್ಪನಿಗೆ ಆಗ ಅರ್ಥವಾಯಿತು.

2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ನೀರಿನಲ್ಲಿ ಮುಳುಗಿದ್ದನ್ನು ಎಲ್ಲರೂ ಕಂಡಿದ್ದಾರೆ. ನೆಲಮಾಳಿಗೆಗಳಲ್ಲಿ ಮುಳುಗಿದ ಕಾರುಗಳಲ್ಲಿ ಎಲ್ಲವೂ ಗುಜರಿ ಸೇರುವುದಿಲ್ಲ. ಕೆಲವು ತೊಳೆದು ಒರೆಸಿಕೊಂಡು ದೂರದ ಊರಿನ ಪೇಟೆಗೆ ಬರುತ್ತವೆ. ಇಂಥ ಕಾರು ಕೊಂಡ ದಿನ ಚೆನ್ನಾಗಿಯೇ ಓಡುತ್ತದೆ. ತಂತಿಗಳ ಒಳಗೆ ಹತ್ತಿದ ಕಿಲುಬು ಆರು ತಿಂಗಳ ಮೇಲೆ, ಮಳೆಯ ರಾತ್ರಿಯಲ್ಲಿ, ಊರಾಚೆ ಮಾತಾಡುತ್ತದೆ.

‘ಬೇಡ ಸಾರ್’ ಎಂದರು ಮೆಕ್ಯಾನಿಕ್. ದಲ್ಲಾಳಿ ಹತ್ತು ಸಾವಿರ ಇಳಿಸಿದ. ಇಪ್ಪತ್ತು ಇಳಿಸಿದ. ಬೆಲೆ ಇಳಿದಷ್ಟೂ ಅಪ್ಪನ ಆಸೆ ಏರುತ್ತಿತ್ತು. ಮಗಳು ಅಪ್ಪನ ತೋಳು ಹಿಡಿದು ಹೊರಗೆ ಕರೆತಂದಳು.

ನಿಂಬೆಹಣ್ಣಿನ ಪಾಠ

ಮಗಳಿಗೆ ಆ ರಾತ್ರಿ ತರಗತಿಯಲ್ಲಿ ಕೇಳಿದ ಪಾಠವೊಂದು ನೆನಪಾಯಿತು. ಅಮೆರಿಕದಲ್ಲಿ ದೋಷವಿರುವ ಕಾರನ್ನು ‘ನಿಂಬೆಹಣ್ಣು’ ಎಂದು ಕರೆಯುತ್ತಾರೆ. ಅಲ್ಲಿನ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಈ ನಿಂಬೆಹಣ್ಣುಗಳ ಪೇಟೆಯ ಬಗೆಗೇ ಒಂದು ಲೇಖನ ಪ್ರಕಟಿಸಿದರು. ಅದಕ್ಕೆ ಮೊದಲು ಮೂರು ಪತ್ರಿಕೆಗಳು ಅದನ್ನು ತಿರಸ್ಕರಿಸಿದ್ದವು. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ಬಂದಾಗ ಆ ಲೇಖನವೇ ಮುಖ್ಯ ಕಾರಣವಾಗಿತ್ತು.

ಅವರ ವಾದ ಜಾತ್ರೆಯ ಯಾವ ರೈತನಿಗೂ ಅರ್ಥವಾಗುವಂಥದು. ಹಳೆಯ ಕಾರಿನ ಗುಣ ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ತಿಳಿಯದ ಗಿರಾಕಿ ಎಲ್ಲದಕ್ಕೂ ನಡುವಿನ ಬೆಲೆ ಕೊಡಲು ಹೊರಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪುವುದಿಲ್ಲ. ಕೆಟ್ಟ ಕಾರಿನವನು ಸಂತೋಷದಿಂದ ಮಾರುತ್ತಾನೆ. ಹೀಗೆ ಒಳ್ಳೆಯವು ಒಂದೊಂದಾಗಿ ಮನೆ ಸೇರಿ, ಪೇಟೆಯಲ್ಲಿ ನಿಂಬೆಹಣ್ಣುಗಳೇ ಹೆಚ್ಚಾಗುತ್ತವೆ.

ಇದರಿಂದ ಪಾರಾಗುವ ದಾರಿ ಯಾವುದು? ಮಾರುವವರಿಗೆ ಗೊತ್ತಿರುವುದು ಕೊಳ್ಳುವವರಿಗೂ ಗೊತ್ತಾಗಬೇಕು. ಅಂದರೆ ಕಾರಿಗೆ ಅದರ ಚರಿತ್ರೆ ಇರಬೇಕು, ಆ ಚರಿತ್ರೆಗೆ ಕಾಗದದ ಸಾಕ್ಷಿ ಇರಬೇಕು. ಅಗ್ಗದ ಕಾರು ಹುಡುಕುವವರು ಹುಡುಕಬೇಕಾದದ್ದು ಹೊಳೆಯುವ ಕಾರನ್ನಲ್ಲ, ಚರಿತ್ರೆಯುಳ್ಳ ಕಾರನ್ನು.

ಮೇಷ್ಟರ ಫೈಲು

ಅಂಥದೊಂದು ಸಿಕ್ಕಿದ್ದು ಮೂರು ವಾರದ ಮೇಲೆ, ಅಪ್ಪನ ಸಹೋದ್ಯೋಗಿಯೊಬ್ಬರ ಮೂಲಕ. ನಿವೃತ್ತ ಮೇಷ್ಟರೊಬ್ಬರ ಬೂದು ಬಣ್ಣದ ಪುಟ್ಟ ಕಾರು, 2016ರ ಮಾದರಿ, ತುಮಕೂರಿನದೇ ಕೆ.ಎ. 06 ನೋಂದಣಿ. ಎಡ ಬಾಗಿಲಿನಲ್ಲಿ ತಗ್ಗು, ಮುಂದಿನ ಬಂಪರಿಗೆ ಗೀಚು, ಬಣ್ಣ ಮಾಸಲು. ಮೀಟರಿನಲ್ಲಿ 82 ಸಾವಿರ. ಹೇಳಿದ ಬೆಲೆ 1,25,000 ರೂ.

ಅಪ್ಪನಿಗೆ ನೋಡಿದ ಕೂಡಲೇ ನಿರಾಸೆ. ‘ಇದೇನೋ ಹಳೇದರ ಹಾಗೇ ಕಾಣುತ್ತಲ್ಲಮ್ಮಾ!’

‘ಹಳೇದೇ ಅಲ್ವಾ ಅಪ್ಪಾ?’ ಎಂದಳು ಮಗಳು.

ಮೇಷ್ಟರು ಒಳಗಿನಿಂದ ದಾರ ಕಟ್ಟಿದ ಒಂದು ಫೈಲು ತಂದು ಮೇಜಿನ ಮೇಲಿಟ್ಟರು. ಕೊಂಡ ದಿನದಿಂದ ಮಾಡಿಸಿದ ಪ್ರತಿಯೊಂದು ಸರ್ವೀಸಿನ ರಸೀದಿ, ಬ್ಯಾಟರಿ ಬದಲಿಸಿದ ಬಿಲ್ಲು, ಪ್ರತಿ ವರ್ಷದ ವಿಮೆ, ಎಮಿಷನ್ ಟೆಸ್ಟಿನ ಚೀಟಿ. ಪ್ರತಿ ರಸೀದಿಯಲ್ಲೂ ಆ ದಿನದ ಕಿ.ಮೀ. ಬರೆದಿತ್ತು. ವರ್ಷದಿಂದ ವರ್ಷಕ್ಕೆ ಏರುತ್ತ ಬಂದ ಆ ಸಂಖ್ಯೆ ಮೀಟರಿನ 82 ಸಾವಿರಕ್ಕೆ ತಾಳೆಯಾಗುತ್ತಿತ್ತು.

‘ಎ.ಸಿ. ಅಷ್ಟು ತಣ್ಣಗಿಲ್ಲ. ಟೈರು ಬದಲಾಯಿಸಬೇಕು. ಈ ತಗ್ಗು ನಮ್ಮ ಗೇಟಿಗೆ ನಾನೇ ಗುದ್ದಿಸಿದ್ದು’ ಎಂದರು ಮೇಷ್ಟರು. ತನ್ನ ಕಾರಿನ ಮೂರು ದೋಷಗಳನ್ನು ಕೇಳದೆ ಹೇಳುವವರು ನಾಲ್ಕನೆಯದನ್ನು ಮುಚ್ಚಿಡುವ ಸಂಭವ ಕಡಿಮೆ. ಆದರೂ ಮೆಕ್ಯಾನಿಕ್ ಒಂದನ್ನೂ ಬಿಡಲಿಲ್ಲ. ನಂಬಿಕೆ ಬೇರೆ, ಪರೀಕ್ಷೆ ಬೇರೆ.

ಬಟ್ಟೆಯಲ್ಲಿ ಸುತ್ತಿದ ಆಯಸ್ಕಾಂತವನ್ನು ಬಾಗಿಲುಗಳ ಮೇಲೆ ಆಡಿಸಿದರು. ಟಿಂಕರಿಂಗ್ ಮಾಡಿ ದಪ್ಪಗೆ ಪಟ್ಟಿ ಮೆತ್ತಿದ ಕಡೆ ಆಯಸ್ಕಾಂತ ಹಿಡಿಯುವುದಿಲ್ಲ. ಬಾನೆಟ್ಟು, ಬಾಗಿಲುಗಳ ಸಂದು ಎರಡೂ ಬದಿ ಒಂದೇ ಸಮ ಇದೆಯೇ, ಬಾಗಿಲಿನ ರಬ್ಬರು ಬಿಡಿಸಿದರೆ ಒಳಗಿನ ಬೆಸುಗೆ ಕಾರ್ಖಾನೆಯದೇ ಎಂದು ನೋಡಿದರು. ಚಾಸಿಸ್ ನಂಬರು, ಎಂಜಿನ್ ನಂಬರುಗಳನ್ನು ಆರ್.ಸಿ.ಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿದರು.

ಟೈರಿನ ವಯಸ್ಸನ್ನು ಯಾರು ಬೇಕಾದರೂ ಓದಬಹುದು. ಅದೇ ಕಾರಿನ ಹಲ್ಲು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಮುದ್ರೆ ಇರುತ್ತದೆ. ಮೊದಲಿನ ಎರಡು ವಾರ, ಕೊನೆಯ ಎರಡು ವರ್ಷ. ಮೇಷ್ಟರ ಕಾರಿನ ಟೈರಿನ ಮೇಲೆ 2318 ಎಂದಿತ್ತು. ಅಂದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು. ಗೆರೆಗಳು ಚೆನ್ನಾಗಿ ಕಂಡರೂ ರಬ್ಬರು ಮುಪ್ಪಾಗಿರುತ್ತದೆ. ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಟೈರನ್ನು ಹೇಗೂ ಬಳಸುವಂತಿಲ್ಲ.

ನಂತರ ರಸ್ತೆಯ ಪರೀಕ್ಷೆ. ಖಾಲಿ ನೇರ ರಸ್ತೆಯಲ್ಲಿ ಸ್ಟಿಯರಿಂಗನ್ನು ಸಡಿಲವಾಗಿ ಹಿಡಿದಾಗ ಕಾರು ಒಂದು ಬದಿಗೆ ಎಳೆಯುತ್ತದೆಯೇ? ಬ್ರೇಕು ಒತ್ತಿದಾಗ ಎಳೆಯುತ್ತದೆಯೇ, ಅದುರುತ್ತದೆಯೇ? ಹಳ್ಳ ದಾಟುವಾಗ ಅಡಿಯಿಂದ ಕಟಕಟ ಸದ್ದು ಬರುತ್ತದೆಯೇ? ಕ್ಲಚ್ಚು ತೀರಾ ಮೇಲೆ ಬಂದ ಮೇಲೆ ಹಿಡಿಯುತ್ತದೆಯೇ? ಈ ಅರ್ಧ ಗಂಟೆಯಲ್ಲಿ ಹಾಡಿನ ಪೆಟ್ಟಿಗೆ ಆರಿಸಿರಬೇಕು, ಕಿವಿ ತೆರೆದಿರಬೇಕು.

ಕೊನೆಯದಾಗಿ ಮೆಕ್ಯಾನಿಕ್ ಒಂದು ಮಾತು ಸೇರಿಸಿದರು. ‘ಇದು ಮೇಲಿನ ಮಾಡೆಲ್ ಸಾರ್. ಡ್ರೈವರಿಗೆ ಏರ್‌ಬ್ಯಾಗ್ ಇದೆ.’ ಹೊಸದಾಗಿ ಮಾರುವ ಕಾರುಗಳಲ್ಲೆಲ್ಲ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಬ್ರೇಕು ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು ಅದೇ ವರ್ಷದ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಅಗ್ಗದ ಕಾರುಗಳಲ್ಲಿ ಇವು ಇರಲೂಬಹುದು, ಇಲ್ಲದಿರಲೂಬಹುದು, ಕೇಳಿಯೇ ತಿಳಿಯಬೇಕು. ಹೊಸ ಚಾಲಕರು ಕೂರುವ ಕಾರಿನಲ್ಲಿ ಹತ್ತು ಸಾವಿರ ಹೆಚ್ಚಾದರೂ ಅಲಾಯ್ ಚಕ್ರಕ್ಕಿಂತ ಏರ್‌ಬ್ಯಾಗಿಗೆ ಕೊಟ್ಟ ಹಣ ದೊಡ್ಡದು. ಯಾವುದಿಲ್ಲದಿದ್ದರೂ ಸೀಟು ಬೆಲ್ಟು ಇದ್ದೇ ಇರುತ್ತದೆ. ಹಿಂದಿನ ಸೀಟಿನವರೂ ಅದನ್ನು ಹಾಕಿಕೊಳ್ಳಬೇಕೆಂಬುದು ಬುದ್ಧಿಮಾತು ಮಾತ್ರವಲ್ಲ, ನಿಯಮ.

ಒಂದೂವರೆ ಲಕ್ಷದ ಲೆಕ್ಕ

ಟೈರು, ಎ.ಸಿ.ಗಳ ಲೆಕ್ಕ ಹೇಳಿ ಚೌಕಾಸಿ ಮಾಡಿದ ಮೇಲೆ ಕಾರು 1,10,000ಕ್ಕೆ ಕುದುರಿತು. ನಾಲ್ಕು ಟೈರಿಗೆ 14,000. ಟೈಮಿಂಗ್ ಬೆಲ್ಟು, ಬ್ರೇಕ್ ಪ್ಯಾಡು, ಆಯಿಲ್, ಪೆಟ್ರೋಲ್ ಪೈಪು ಎಲ್ಲ ಸೇರಿ ಗ್ಯಾರೇಜಿಗೆ 11,500. ವಿಮೆಗೆ 5,500. ಕಾಗದಪತ್ರ, ಓಡಾಟ 2,000. ಒಟ್ಟು 1,43,000. ಉಳಿದ ಏಳು ಸಾವಿರವನ್ನು ಅಪ್ಪ ಅಂಚೆ ಕಚೇರಿಯ ಖಾತೆಗೆ ಹಾಕಿ ‘ಕಾರಿನದು’ ಎಂದು ಡೈರಿಯಲ್ಲಿ ಬರೆದಿಟ್ಟರು.

ಬಿಳಿ ಕಾರನ್ನು ಹೇಳಿದ ಬೆಲೆಗೆ ಕೊಂಡಿದ್ದರೆ ಕೈಯಲ್ಲಿ ಉಳಿಯುತ್ತಿದ್ದುದು ಎರಡು ಸಾವಿರ. ಹಳೆಯ ಕಾರಿನ ವ್ಯಾಪಾರದಲ್ಲಿ ಹೆಚ್ಚಿನ ಮನೆಗಳು ಎಡವುವುದು ಇಲ್ಲಿಯೇ. ಇರುವ ಹಣವೆಲ್ಲ ಕಾರಿನ ಬೆಲೆಗೇ ಹೋಗುತ್ತದೆ. ಸವೆದ ಬ್ರೇಕು ‘ಮುಂದಿನ ತಿಂಗಳು ನೋಡೋಣ’ ಎಂದು ಮುಂದೆ ಹೋಗುತ್ತದೆ. ನೂರು ರೂಪಾಯಿ ಇದ್ದರೆ ಎಪ್ಪತ್ತೈದಕ್ಕೆ ಕಾರು ಹುಡುಕಬೇಕು, ಇಪ್ಪತ್ತೈದನ್ನು ಆ ಕಾರಿಗಾಗಿಯೇ ತೆಗೆದಿಡಬೇಕು.

ಕೆಲವು ಎಂಜಿನ್ನುಗಳಲ್ಲಿ ಮಾತ್ರ ರಬ್ಬರಿನ ಟೈಮಿಂಗ್ ಬೆಲ್ಟು ಇರುತ್ತದೆ, ಉಳಿದವುಗಳಲ್ಲಿ ಸರಪಳಿ. ಬೆಲ್ಟಿದ್ದರೆ, ಅದನ್ನು ಎಂದು ಬದಲಿಸಿದರೆಂಬ ರಸೀದಿ ಇಲ್ಲದಿದ್ದಲ್ಲಿ ಬದಲಿಸಿಬಿಡುವುದೇ ಕ್ಷೇಮ. ಓಡುವಾಗ ಅದು ಕಿತ್ತರೆ ಎಂಜಿನ್ನೇ ಹಾಳಾಗುವ ಅಪಾಯವಿದೆ. ಪೆಟ್ರೋಲ್ ಪೈಪಿನ ವಿಷಯವೂ ಸಣ್ಣದಲ್ಲ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ಶೇ 20ಕ್ಕೆ ಮುಟ್ಟಿತು. ಹಳೆಯ ಕಾರುಗಳ ರಬ್ಬರು ಕೊಳವೆ, ವಾಷರುಗಳು ಅದಕ್ಕೆಂದು ಮಾಡಿದವಲ್ಲ. ಬಿರುಕು ಬಿಟ್ಟಿದ್ದರೆ ಬದಲಿಸಬೇಕು.

ವಯಸ್ಸಿಗೂ ಒಂದು ಬೆಲೆಯಿದೆ. ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷ ನಡೆಯುತ್ತದೆ. ಅದನ್ನು ನವೀಕರಿಸುವ ಶುಲ್ಕ ಮೊದಲು 600 ರೂ. ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ರೂ. ಆಯಿತು, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000ಕ್ಕೆ ಏರಿತು. ನಲವತ್ತು ಸಾವಿರಕ್ಕೆ ಸಿಗುವ ಹದಿನಾಲ್ಕು ವರ್ಷದ ಕಾರು ನಿಜಕ್ಕೂ ಅಗ್ಗವೇ ಎಂದು ಈ ಲೆಕ್ಕವನ್ನೂ ಕೂಡಿಸಿ ನೋಡಬೇಕು.

ಕಾಗದ ಕೈಸೇರುವವರೆಗೆ ಕಾರು ನಮ್ಮದಲ್ಲ

ಎಮ್ಮೆ ನೀರಿನಲ್ಲಿ, ವ್ಯಾಪಾರ ದಡದಲ್ಲಿ ಎಂಬ ಗಾದೆ ಹಳೆಯ ಕಾರಿಗೆ ಚೆನ್ನಾಗಿ ಒಪ್ಪುತ್ತದೆ. ಕಾರು ಮನೆಯ ಮುಂದೆ ನಿಂತ ಮಾತ್ರಕ್ಕೆ ಅದು ಕೊಂಡವರದಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಇದಕ್ಕೆ 29 ಮತ್ತು 30ನೆಯ ನಮೂನೆಗಳಿವೆ. ಕಾರಿನ ಮೇಲೆ ಸಾಲವಿದ್ದರೆ ತೀರಿದ ಬಗ್ಗೆ ಬ್ಯಾಂಕಿನ ಪತ್ರವೂ 35ನೆಯ ನಮೂನೆಯೂ ಬೇಕು. ಬೇರೆ ರಾಜ್ಯದ ಕಾರಾದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರು, ಹದಿನೈದು ವರ್ಷ ಮೀರಿದ ಪೆಟ್ರೋಲ್ ಕಾರುಗಳ ಓಡಾಟಕ್ಕೆ ನ್ಯಾಯಾಲಯಗಳು ತಡೆ ಹಾಕಿದ ಮೇಲೆ ಅಲ್ಲಿಯ ಹಳೆಯ ಕಾರುಗಳು ಬೇರೆ ರಾಜ್ಯಗಳಿಗೆ ಅಗ್ಗದಲ್ಲಿ ಹರಿದುಬಂದವು. ಅಂಥ ಕಾರಿಗೆ ಇಲ್ಲಿಯ ತೆರಿಗೆಯನ್ನೂ ಕೂಡಿಸಿದರೆ ಅಗ್ಗವೆಂಬುದು ಎಷ್ಟೋ ಸಲ ಉಳಿಯುವುದಿಲ್ಲ.

ಹೆಸರು ಬದಲಾಯಿಸದಿದ್ದರೆ ಏನಾಗುತ್ತದೆ? ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ತೀರ್ಮಾನಿಸಿದ ಒಂದು ಪ್ರಕರಣವಿದೆ. ಕಾರೊಂದು ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿತ್ತು. ನೋಂದಣಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. 2009ರಲ್ಲಿ ಆ ಕಾರಿನಿಂದ ಅಪಘಾತವಾಯಿತು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿನಲ್ಲಿ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ನ್ಯಾಯಾಲಯ ಹೇಳಿತು. ಆದ್ದರಿಂದ ಖಾಲಿ ನಮೂನೆಗೆ ಸಹಿ ಹಾಕಿಕೊಟ್ಟು ಮರೆತುಬಿಡುವ ಮಾರಾಟಗಾರರೂ ಕೊಳ್ಳುವವರಷ್ಟೇ ಎಚ್ಚರದಿಂದಿರಬೇಕು.

ಮೇಷ್ಟರೂ ಅಪ್ಪನೂ ಒಟ್ಟಿಗೇ ಅರ್ಜಿ ಹಾಕಿದರು. ಹಣ ಬ್ಯಾಂಕಿನ ಮೂಲಕವೇ ಹೋಯಿತು. ಕಾರು ಕೈಬದಲಾದ ದಿನಾಂಕ, ಗಂಟೆ, ಮೀಟರಿನ ಅಂಕಿ ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡರು. ಆ ಗಂಟೆಗೆ ಮೊದಲಿನ ಸಂಚಾರ ದಂಡಗಳೆಲ್ಲ ಮೇಷ್ಟರವು, ಆಮೇಲಿನವು ಮಗಳವು. ಬಾಕಿ ದಂಡಗಳನ್ನು, ವಿಮೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಸರಕಾರದ ಪರಿವಾಹನ್ ವ್ಯವಸ್ಥೆಯಲ್ಲಿ ನೋಂದಣಿ ಸಂಖ್ಯೆ ಹಾಕಿ ಮೊದಲೇ ನೋಡಿಕೊಂಡಿದ್ದರು. 2019ರ ಏಪ್ರಿಲ್‌ಗೆ ಮೊದಲಿನ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಬೇಕೆಂದು ರಾಜ್ಯ ಸರಕಾರ 2023ರಲ್ಲಿ ಆದೇಶಿಸಿದಾಗಲೇ ಮೇಷ್ಟರು ಅದನ್ನೂ ಹಾಕಿಸಿದ್ದರು.

ವಿಮೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಕಾರಿಗೆ ವಿಮೆ ಇದೆ, ಕಾರು ನಮ್ಮದಾಯಿತು, ವಿಮೆಯೂ ನಮ್ಮದು ಎಂದುಕೊಳ್ಳುತ್ತಾರೆ. ರಸ್ತೆಯಲ್ಲಿ ಮತ್ತೊಬ್ಬರಿಗಾಗುವ ಹಾನಿಯ ರಕ್ಷಣೆ ಮಾತ್ರ ತಾನಾಗಿ ಹೊಸಬರಿಗೆ ಬರುತ್ತದೆ. ಕಾರಿಗೇ ಆಗುವ ನಷ್ಟಕ್ಕೆ ಪರಿಹಾರ ಸಿಗಬೇಕಾದರೆ ಪಾಲಿಸಿ ಹೊಸ ಹೆಸರಿಗೆ ಬದಲಾಗಬೇಕು. ಅದಕ್ಕೆ 14 ದಿನದೊಳಗೆ ಅರ್ಜಿ ಕೊಡಬೇಕು. ಕ್ಲೇಮು ಮಾಡದ್ದಕ್ಕೆ ಸಿಗುವ ರಿಯಾಯಿತಿ ಹಳೆಯ ಮಾಲೀಕರ ಜೊತೆಗೇ ಹೋಗುತ್ತದೆ. 1000 ಸಿ.ಸಿ. ಒಳಗಿನ ಕಾರಿಗೆ ಮೂರನೆಯವರ ವಿಮೆಯ ಮೂಲ ಕಂತು 2022ರ ಜೂನ್‌ನಲ್ಲಿ 2,094 ರೂ. ಎಂದು ನಿಗದಿಯಾಯಿತು.

ಪಿ.ಯು.ಸಿ. ಓದುವ ಮಕ್ಕಳಿರುವ ತಂದೆತಾಯಿಗಳು ಇನ್ನೊಂದು ಮಾತು ನೆನಪಿಡಬೇಕು. ‘ಹಳೇ ಕಾರು ತಾನೇ, ಹುಡುಗ ಬಡಾವಣೆಯೊಳಗೆ ಓಡಿಸಲಿ’ ಎಂಬ ಸಲಿಗೆಗೆ 2019ರ ಸೆಪ್ಟೆಂಬರ್ 1ರಿಂದ ದುಬಾರಿ ಬೆಲೆಯಿದೆ. ಹದಿನೆಂಟು ತುಂಬದವರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂ. ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು, ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ.

ಲೈಸೆನ್ಸು ಬಂದ ಮೇಲೆ ಕಲಿಕೆ

ಕಾರು ಬಂದ ಮರುದಿನವೇ ಮಗಳು ಹೆದ್ದಾರಿಗೆ ಇಳಿಯಲಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದವರ ಕಾಲಿನ ಕೆಳಗೂ ಒಂದು ಬ್ರೇಕು ಇತ್ತು, ಇಲ್ಲಿ ಇಲ್ಲ. ಚಿಕ್ಕಪ್ಪನಿಗೆ ಕಾರು ಓಡಿಸಿ ಇಪ್ಪತ್ತು ವರ್ಷದ ಅನುಭವ. ಅವರು ಎರಡು ಭಾನುವಾರ ಖಾಲಿ ಮೈದಾನದಲ್ಲಿ ಹಿಂದಕ್ಕೆ ಓಡಿಸುವುದನ್ನೇ ಮಾಡಿಸಿದರು. ಆಮೇಲೆ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಎತ್ತುವುದು. ಆಮೇಲೆ ವರ್ತುಲ ರಸ್ತೆ. ಮೂರನೆಯ ವಾರ ಬೆಳಗಿನ ಆರು ಗಂಟೆಗೆ ಹೆದ್ದಾರಿ. ಕೊನೆಯಲ್ಲಿ ಕತ್ತಲು, ಅದಾದ ಮೇಲೆ ಮಳೆ. ‘ಲಾರಿಯ ಕನ್ನಡಿ ನಿನಗೆ ಕಾಣದಿದ್ರೆ ಡ್ರೈವರಿಗೆ ನೀನೂ ಕಾಣ್ತಿಲ್ಲ ಅಂತ ತಿಳ್ಕೋ’ ಎಂದು ಚಿಕ್ಕಪ್ಪ ಹೇಳಿದ್ದು ಅವಳಿಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ನಾಲ್ಕನೆಯ ವಾರ, ಗೇಟಿನೊಳಗೆ ಹಿಂದಕ್ಕೆ ತರುವಾಗ ಬಲಬದಿ ಕಲ್ಲುಕಂಬಕ್ಕೆ ಕರಕರ ಉಜ್ಜಿತು. ಮಗಳು ಇಳಿದು ಬಾಗಿಲಿನ ಹೊಸ ಗೀಚು ನೋಡಿ ಅಳುಮುಖ ಮಾಡಿಕೊಂಡಳು. ಅಪ್ಪ ಏನೋ ಹೇಳಲು ಬಾಯಿ ತೆರೆದರು. ಜಗಲಿಯ ಮೇಲೆ ಕುಳಿತಿದ್ದ ತಾತನೇ ಮೊದಲು ಮಾತಾಡಿದರು.

‘ಬಿಡಪ್ಪಾ. ಆ ಕಡೆ ಮೇಷ್ಟರದೊಂದು, ಈ ಕಡೆ ನಮ್ಮ ಮಗೀದೊಂದು. ಸಮ ಆಯ್ತು.’

ಮೊದಲ ಕಾರು ಹಳೆಯದಾಗಿರುವುದರ ಸುಖ ಇದೇ. ಕಲಿಯುವವರ ತಪ್ಪನ್ನು ಅದು ಹೊಸ ಕಾರಿಗಿಂತ ಕಡಿಮೆ ಖರ್ಚಿನಲ್ಲಿ ತಾಳಿಕೊಳ್ಳುತ್ತದೆ. ತಾಳಿಕೊಳ್ಳಬಾರದ ತಪ್ಪುಗಳು ಬೇರೆ: ಮುಪ್ಪಾದ ಟೈರು, ಸವೆದ ಬ್ರೇಕು, ಹಾಕಿಕೊಳ್ಳದ ಬೆಲ್ಟು.

ಈಗ ತಿಂಗಳ ಕೊನೆಯಲ್ಲಿ ಅಮ್ಮ ಗೇಟಿನ ಬಳಿ ನಿಲ್ಲುವುದಿಲ್ಲ. ಒಳಗೇ ಕುಳಿತು ಸದ್ದಿಗೆ ಕಿವಿಗೊಡುತ್ತಾರೆ. ಆರು ತಿಂಗಳಿಗೆ ಕಾರಿನ ಮೊದಲ ಸರ್ವೀಸಾಯಿತು. ಮಗಳು ಮೇಷ್ಟರ ಫೈಲಿನ ದಾರ ಬಿಚ್ಚಿ, ಕೊನೆಯ ಹಾಳೆಯ ಹಿಂದೆ ತನ್ನ ಮೊದಲ ರಸೀದಿ ಸೇರಿಸಿದಳು. ಕಿ.ಮೀ. 87,640. ಮುಂದೊಂದು ದಿನ ಈ ಕಾರು ನೋಡಲು ಇನ್ನೊಂದು ಮನೆಯ ಅಪ್ಪ ಮಕ್ಕಳು ಬರುತ್ತಾರೆ. ಅವರು ಹಲ್ಲು ನೋಡಲಿ ಎಂದು ಅಂಕಿಯನ್ನು ಸ್ಪಷ್ಟವಾಗಿ ಬರೆದು ಮತ್ತೆ ದಾರ ಕಟ್ಟಿದಳು.